ಸತ್ತ ಅಣ್ಣ ಓಟು ಕೇಳಿದ್ದು

ಮೀನು ಒಣಹಾಕುತ್ತಿದ್ದಾಗ ಫೋನ್‌ನಲ್ಲಿ ನನ್ನ ಅಣ್ಣ ಕ್ರಿಸಾಂತೊನ ಹೆಸರಿನ ಪಕ್ಕ ಹಸಿರು ಚುಕ್ಕೆ ಕಾಣಿಸಿತು. ಅವನು ಆನ್‌ಲೈನ್‌ನಲ್ಲಿದ್ದಾನೆ ಎಂದು ಅದರರ್ಥ. ಅವನನ್ನು ಮಣ್ಣು ಮಾಡಿ ಎರಡು ಮಳೆಗಾಲ ಕಳೆದಿತ್ತು. ಕೈಗಂಟಿದ ಉಪ್ಪು ಒರೆಸಿಕೊಂಡು ನೋಡಿದೆ. "ನನ್ನೂರಿನ ಜನರೇ, ಆಗ ನಾನು ದುಡುಕಿದ್ದೆ. ಮರಳಿನ ಕೆಲಸದಿಂದ ಊರು ಉದ್ಧಾರವಾಗುತ್ತದೆ. ಈ ಸಲ ಲಿಯೊನೋರಾ ಮೇಡಂಗೇ ನಿಮ್ಮ ಓಟು" ಎಂದು ಅಣ್ಣ ಬರೆದಿದ್ದ.

ಬದುಕಿದ್ದಾಗ ಅವನು ಆಡಿದ್ದೆಲ್ಲ ಇದಕ್ಕೆ ತದ್ವಿರುದ್ಧ. ಮೇಯರ್ ಮತ್ತು ಅವನ ಹೆಂಡತಿ ಲಿಯೊನೋರಾ ಸೇರಿ ನಮ್ಮ ಕಡಲದಂಡೆಯ ಕಪ್ಪು ಮರಳನ್ನು ಬಗೆದು ಹಡಗಿಗೆ ತುಂಬಿಸುತ್ತಿದ್ದರು. ಅಣ್ಣ ಫೋನ್ ಹಿಡಿದು ದಂಡೆಗಿಳಿದು, ಒಂದೊಂದು ಹೊಂಡವನ್ನೂ ತೋರಿಸುತ್ತ, ಗಂಡಹೆಂಡತಿಯ ಮಾನವನ್ನು ಲೈವ್‌ನಲ್ಲಿ ಹರಾಜು ಹಾಕುತ್ತಿದ್ದ. ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸಕ್ಕಿರುವ ನಮ್ಮೂರ ಹೆಂಗಸರೂ ಅವನಿಗಾಗಿ ಕಾದಿರುತ್ತಿದ್ದರು. ಕೊನೆಗೆ ಮರಳಿನ ಲಾರಿಯೇ ಅವನ ಬೈಕಿಗೆ ಗುದ್ದಿತು. ಪೊಲೀಸರು ಅಪಘಾತ ಎಂದು ಬರೆದುಕೊಂಡು ಕೈತೊಳೆದುಕೊಂಡರು. ಈಗ ಮೇಯರನ ಅವಧಿ ಮುಗಿದು, ಆ ಜಾಗಕ್ಕೆ ಹೆಂಡತಿ ನಿಂತಿದ್ದಳು.

ಪೇಟೆಯಲ್ಲಿ ಮೇಡಂ ಬಾಡಿಗೆಗೆ ಹಿಡಿದ ಮಹಡಿಯೊಂದರಲ್ಲಿ ಹುಡುಗ ಹುಡುಗಿಯರು ಸಾಲಾಗಿ ಕೂತು, ಇಲ್ಲದ ಜನರ ಹೆಸರಿನಲ್ಲಿ ಹೊಗಳುತ್ತ, ಬೈಯುತ್ತ ಸಂಬಳ ತೆಗೆದುಕೊಳ್ಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಸತ್ತವರಿಗೂ ಅಲ್ಲಿ ಕೆಲಸ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ. ಅಕೌಂಟ್ ಮುಚ್ಚಿ ಎಂದು ಆ್ಯಪ್‌ನ ಕಂಪನಿಗೆ ದೂರು ಕೊಟ್ಟೆ. ಯಾವ ನಿಯಮವೂ ಮುರಿದಿಲ್ಲ ಎಂದು ಯಂತ್ರ ಉತ್ತರಿಸಿತು.

ಅಮ್ಮನಿಂದ ಮುಚ್ಚಿಡೋಣವೆಂದರೆ ಪಕ್ಕದ ಮನೆಯ ಇಸ್ಕಾ ಬಿಡಬೇಕಲ್ಲ. ಫೋನ್ ಹಿಡಿದುಕೊಂಡೇ ಓಡಿಬಂದಳು. ಅಮ್ಮ ಓದಿಸಿ ಕೇಳಿದಳು. ಅಳಲಿಲ್ಲ. "ಹಸ್ಕೊಂಡಿದಾನೆ" ಎಂದಳು.

"ನಾನಾಂಗ್, ಅದು ಅಣ್ಣ ಅಲ್ಲ" ಎಂದೆ. ಅಮ್ಮನನ್ನು ನಾವಿಬ್ಬರೂ ಕರೆಯುತ್ತಿದ್ದದ್ದು ಹಾಗೆಯೇ. "ಯಾರೋ ಅವನ ಅಕೌಂಟ್ ಕದ್ದಿದಾರೆ."

"ಅಕೌಂಟ್ ಕದ್ದಿರಬಹುದು ಕಣೇ ಫೆಲಿಸಾ. ಹೆಸರು ಅವನದೇ ತಾನೆ? ಅಷ್ಟು ಜನ ಹೆಸರು ಹಿಡಿದು ಕರೀತಾ ಇದ್ರೆ ಅವನಿಗೆ ಕೇಳಿಸಲ್ವಾ?"

ನಮ್ಮಲ್ಲಿ ಸತ್ತವರು ಯಾವ ರೀತಿಯಲ್ಲಿ ಕಾಣಿಸಿಕೊಂಡರೂ ಅವರಿಗೆ ಹಸಿವಾಗಿದೆ ಎಂದೇ ಲೆಕ್ಕ. ಅವರ ಪಾಲಿನ ಊಟ, ಅಂದರೆ ಆತಾಂಗ್, ಇಡಬೇಕು. ಇಡದಿದ್ದರೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿಯುತ್ತಾರೆ. ಅಮ್ಮ ತೆಂಗಿನಹಾಲಿನಲ್ಲಿ ಅಂಟಕ್ಕಿ ಬೇಯಿಸಿದಳು. ಅಣ್ಣನ ಫೋಟೊ ಮುಂದೆ ಅದನ್ನೂ, ಬೇಯಿಸಿದ ಮೊಟ್ಟೆ, ಎಲೆಅಡಿಕೆ, ಒಂದು ಲೋಟ ಕಬ್ಬಿನ ಹೆಂಡವನ್ನೂ ಇಟ್ಟಳು. ಒಂದು ಸಿಗರೇಟನ್ನೂ ಹಚ್ಚಿಟ್ಟಳು. "ಉಣ್ಣು ಮಗಾ" ಎಂದಳು.

ಕೆಲವು ದಿನ ಬಿಟ್ಟು ವಿಡಿಯೊ ಬಂತು. ಅವನ ಹಳೆಯ ಲೈವ್‌ಗಳಿಂದಲೇ ಮುಖವನ್ನೂ ದನಿಯನ್ನೂ ತೆಗೆದು ಮಾಡಿದ್ದರು. ನಮ್ಮದೇ ದಂಡೆ, ಅವನದೇ ಹರಿದ ಟೋಪಿ. ತುಟಿ ಅಲುಗಿತು. "ನಾನಾಂಗ್, ನೀನು ಮೇಡಂ ಜೊತೆ ನಿಂತ್ಕೊ. ಆಗ ನಾನು ನೆಮ್ಮದಿಯಾಗಿರ್ತೀನಿ." ಅಮ್ಮನನ್ನು ಕರೆಯುವ ಮುಂಚೆ ಅವನು ಸಣ್ಣಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅದನ್ನೂ ಬಿಟ್ಟಿರಲಿಲ್ಲ ಪಾಪಿಗಳು.

ಅಮ್ಮ ಫೋನಿನ ಮುಂದೆ ಮಂಡಿಯೂರಿ ಕೂತಳು. ಮೀನುಗಾರರ ಕೇರಿಯ ಹೆಂಗಸರೆಲ್ಲ ಅಮ್ಮನ ಮಾತಿಗೆ ಕಟ್ಟುಬಿದ್ದವರು. ಸತ್ತವನ ತಾಯಿಯೇ ಮೇಡಂ ಪಕ್ಕ ನಿಂತರೆ ಅಣ್ಣ ಸತ್ತದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಕೂಗಾಡಿದೆ. ಅಮ್ಮ ಒಂದೇ ಮಾತು ಹೇಳಿದಳು. "ಹೋದವನ ಮಾತು ತೆಗೆದುಹಾಕೋಕಾಗುತ್ತಾ?"

ಆ ವಿಡಿಯೊವನ್ನು ನಾನೂ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ಸುಳ್ಳೆಂದು ಗೊತ್ತಿದ್ದೂ ಎದೆ ಕಿತ್ತು ಬರುತ್ತಿತ್ತು. ಗೊತ್ತಿಲ್ಲದ ಅಮ್ಮನ ಗತಿಯೇನು?

ಅಮ್ಮ ಕೋಳಿ ಕುಯ್ದು ಆತಾಂಗ್ ಇಟ್ಟಳು. ಮಾರನೆಯ ದಿನವೇ ಅಣ್ಣ ಮತ್ತೆ ಓಟು ಕೇಳಿದ. ಹಂದಿಮಾಂಸ ತಂದು ಬಡಿಸಿದಳು. ಆಗಲೂ ಕೇಳಿದ. ನಾವು ಬರೀ ಗಂಜಿ ಕುಡಿದೆವು. ಮನೆಯಲ್ಲಿ ಯಾರೋ ಇದ್ದಾರೆ ಎಂದು ನನಗೂ ಅನ್ನಿಸತೊಡಗಿತು. ಬಾಗಿಲಿಗೆ ಬೆನ್ನು ಹಾಕಿ ಕೂರಲು ಹೆದರಿಕೆಯಾಗುತ್ತಿತ್ತು.

ಮೇಡಂ ಸಭೆಯ ದಿನ ಅವಳ ಕಡೆಯ ರುಬೆನ್ ಎಂಬುವನು ವ್ಯಾನ್ ತಂದ. ಅಮ್ಮ ಆಗಲೇ ಚರ್ಚಿಗೆ ಹೋಗುವ ಬಟ್ಟೆ ಉಟ್ಟು ಕೂತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬನ್ನಿ ಲಿಲಾಂಗ್, ಮೇಡಂ ಕಾಯ್ತಾ ಇದಾರೆ" ಎಂದ ರುಬೆನ್. ತನ್ನ ಅಜ್ಜಿಯನ್ನೇ ಕರೆಯುವಂತೆ ನಯವಾಗಿ ಕರೆದ. "ನಿಮ್ಮ ಮಗನೂ ಅದನ್ನೇ ಹೇಳಿದಾನಲ್ಲ."

ಅಮ್ಮ ಎದ್ದಳು. ನನ್ನನ್ನು ಪಕ್ಕಕ್ಕೆ ಸರಿಸಿ ಹೊಸಿಲಲ್ಲಿ ನಿಂತಳು.

"ಅವನಿಗೆ ಮೊಟ್ಟೆ ಇಟ್ಟೆ, ಕೋಳಿ ಇಟ್ಟೆ, ಹಂದಿ ಇಟ್ಟೆ ಕಣಪ್ಪ. ಉಂಡ ಮೇಲೆ ಸತ್ತವರು ಸುಮ್ನಾಗ್ತಾರೆ. ನನ್ನ ಗಂಡ ಒಂದೇ ಊಟಕ್ಕೆ ಸುಮ್ನಾದ. ಎಷ್ಟು ಬಡಿಸಿದ್ರೂ ಕೇಳ್ತಾನೇ ಇರೋನು ನನ್ನ ಹೊಟ್ಟೇಲಿ ಹುಟ್ಟಿದೋನಲ್ಲ. ಅವನು ನಿಮ್ಮ ಮನೆಯೋನು. ಮೇಡಂಗೆ ಹೇಳು, ಇನ್ನು ಅವರೇ ಬಡಿಸಲಿ."

"ಹಂಗಲ್ಲ ಲಿಲಾಂಗ್..."

"ವ್ಯಾನ್ ತಿರುಗಿಸ್ಕೊ. ಮುಂದೆ ದಾರಿ ಇಲ್ಲ, ಮರಳು ತೆಗೆದು ಹೊಂಡ ಮಾಡಿದೀರ."

ರುಬೆನ್ ವ್ಯಾನ್ ತಿರುಗಿಸಿಕೊಂಡು ಹೋದ. ನಾನು ಅಮ್ಮನನ್ನು ಅಪ್ಪಿಕೊಂಡು ಅತ್ತೆ. ಆ ಸಂಜೆ ಕೇರಿಯ ಹೆಂಗಸರಿಗೆಲ್ಲ ಅಮ್ಮ ಇದನ್ನೇ ಹೇಳಿದಳು. ನಮ್ಮ ದಂಡೆ ಇಡಿಯಾಗಿ ಮೇಡಂ ವಿರುದ್ಧ ಓಟು ಹಾಕಿತು.

ಆದರೂ ಮೇಡಂ ಗೆದ್ದಳು. ಗುಡ್ಡದ ಕಡೆಯ ಊರುಗಳಲ್ಲಿ ಅಣ್ಣನನ್ನು ಫೋನಿನಲ್ಲಷ್ಟೇ ನೋಡಿದ್ದ ಜನ ಫೋನಿನ ಮಾತನ್ನೇ ನಂಬಿದರು. ಫಲಿತಾಂಶದ ದಿನ ಅಣ್ಣ ಎಲ್ಲರಿಗೂ ವಂದನೆ ಹೇಳಿದ. ಆಮೇಲೆ ಅವನ ದನಿಯಿಲ್ಲ. ನನ್ನ ದೂರಿಗೆ ಕೊನೆಗೂ ಕಂಪನಿ ಅಕೌಂಟ್ ಅಳಿಸಿತ್ತು. ಆ ವಿಡಿಯೊ ಜೊತೆಗೆ ಅಣ್ಣನ ಹಳೆಯ ಲೈವ್‌ಗಳೂ ಹೋದವು. ನಾವು ಒಂದನ್ನೂ ಬೇರೆ ಕಡೆ ಉಳಿಸಿಕೊಂಡಿರಲಿಲ್ಲ. ಅವನ ಮುಖ, ದನಿ ಇನ್ನು ಉಳಿದದ್ದು ಮೇಡಂ ಕಡೆಯವರ ಹತ್ತಿರ ಮಾತ್ರ.

ಒಂದು ಭಾನುವಾರ ಚರ್ಚಿನಿಂದ ಆಟೋದಲ್ಲಿ ಬರುತ್ತಿದ್ದೆವು. ದಾರಿಯಲ್ಲಿ ಅಮ್ಮ ಕೇಳಿದಳು.

"ಮುಂದಿನ ಎಲೆಕ್ಷನ್ ಯಾವಾಗಲೇ?"

"ಮೂರು ವರ್ಷಕ್ಕೆ. ಯಾಕೆ?"

ಅಮ್ಮ ಹೊರಗೆ ನೋಡಿದಳು.

"ಅವನು ನನ್ನ ಮಗ ಅಲ್ಲ, ಗೊತ್ತು ನಂಗೆ. ಆದ್ರೂ ಅವತ್ತು ಇನ್ನೊಂದು ಸಲ ನಾನಾಂಗ್ ಅಂತಾನಲ್ಲ."