ರಬ್ಬರಿನ ಹೊಟ್ಟೆ

“ಇನ್ನೂ ಒತ್ತಿ, ತಳ ಸಿಗುತ್ತಾ ನೋಡೋಣ,” ಎಂದರು ಮುಖ್ಯಸ್ಥರು. ಪ್ರಯೋಗಾಲಯದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಕಾರಿನ ಸೀಟಿನ ಮೇಲೆ ಬೆಲ್ಟು ಬಿಗಿದುಕೊಂಡು ಕೂತಿದ್ದವರು ಆ ಕಾರು ಕಾರ್ಖಾನೆಯದೇ ಸಂಬಳ ವಿಭಾಗದ ಮೇಡಂ. ಬೆನ್ನ ಹಿಂದೆ ಅವರಿಗೆ ‘ಡ್ರಮ್ಮು’ ಎಂದು ಹೆಸರು. ಅಪಘಾತದಲ್ಲಿ ದಪ್ಪ ಮೈಯವರಿಗೆ ಏನಾಗುತ್ತದೆ ಎಂದು ತಿಳಿಯಲು ಕಂಪ್ಯೂಟರಿನೊಳಗೆ ಒಂದು ದಪ್ಪ ದೇಹ ತಯಾರಾಗುತ್ತಿತ್ತು. ಅದರ ಕೊಬ್ಬು ಎಷ್ಟು ಮೆದುವಿರಬೇಕು ಎಂದು ಗೊತ್ತಾಗಲು ನಿಜವಾದ ಹೊಟ್ಟೆಯೊಂದನ್ನು ಒತ್ತಿ ಅಳೆಯಬೇಕಿತ್ತು. ಸಹಾಯ ಮಾಡಿ ಎಂದು ಮೇಡಂ ಅವರನ್ನು ಕೇಳಿಕೊಂಡು ಕರೆತಂದವನು ಎಂಜಿನಿಯರ್. ಈಗ ಎಲ್ಲರ ಜೊತೆ ಅವನೂ ನಕ್ಕ. ನಗದಿದ್ದರೆ ಮುಖ್ಯಸ್ಥರಿಗೆ ಬೇಜಾರಾಗುತ್ತದಲ್ಲ.

ಮೇಡಂ ತುಟಿ ಕಚ್ಚಿಕೊಂಡು ಕೂತಿದ್ದರು. ಯಾರೋ ಮೊಬೈಲು ಎತ್ತಿ ಹಿಡಿದಾಗ ಮಾತ್ರ ಮುಖ ಬೇರೆ ಕಡೆ ತಿರುಗಿಸಿದರು.

ಅಳತೆ ಬಂತು. ಕೊಬ್ಬು ಅಂದುಕೊಂಡದ್ದಕ್ಕಿಂತ ಬಹಳ ಮೆದು. ತೊಂದರೆ ಶುರುವಾದದ್ದೇ ಅಲ್ಲಿ. ಕಂಪ್ಯೂಟರು ದೇಹವನ್ನು ಪುಟ್ಟ ಪುಟ್ಟ ಇಟ್ಟಿಗೆಗಳಂತೆ ಜೋಡಿಸಿಕೊಳ್ಳುತ್ತದೆ. ಕೊಬ್ಬನ್ನು ಮೆದು ಮಾಡಿದರೆ ಬೆಲ್ಟಿನ ಕೆಳಗಿನ ಇಟ್ಟಿಗೆಗಳು ಜಜ್ಜಿಹೋಗಿ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಈ ಕಸುಬಿನವರಿಗೆ ಅದಕ್ಕೊಂದು ಸುಲಭದ ಮದ್ದು ಗೊತ್ತು: ಕೊಬ್ಬನ್ನು ಗಟ್ಟಿ ಮಾಡಿಬಿಡುವುದು. ಅಳತೆಗೆ ಮೊದಲು ಅಂದಾಜಿನಲ್ಲಿ ಹಾಕಿಕೊಂಡಿದ್ದ ಅಂಕಿ ಅಂಥ ಗಟ್ಟಿ ಕೊಬ್ಬಿನದೇ.

“ಹಳೇ ಅಂಕಿನೇ ಹಾಕು,” ಎಂದರು ಮುಖ್ಯಸ್ಥರು.

“ಸರ್, ಅದು ಕೊಬ್ಬಲ್ಲ, ರಬ್ಬರು. ಅದರ ಮೇಲೆ ಬೆಲ್ಟು ಜಾರೋದೇ ಇಲ್ಲ, ನಿಜವಾದ ಹೊಟ್ಟೆ ಮೇಲೆ ಜಾರುತ್ತೆ.”

“ಜಾರದಿದ್ರೆ ಒಳ್ಳೇದೇ ಅಲ್ವೇನಪ್ಪ? ಹೊಸ ಕಾರು ಮಾರ್ಕೆಟ್ಟಿಗೆ ಬರೋದು ತಡವಾದ್ರೆ ಎಷ್ಟು ಜನರ ಕೆಲಸ ಹೋಗುತ್ತೆ ಗೊತ್ತಾ? ಕಂಡಿದ್ದೆಲ್ಲ ತಿಂದು ದಪ್ಪ ಆಗೋರು ಅವ್ರು. ನಾವ್ಯಾಕೆ ತಲೆ ಕೆಡಿಸ್ಕೋಬೇಕು?”

ಎಂಜಿನಿಯರ್ ಹಳೆಯ ಅಂಕಿ ಹಾಕಿದ. ಪರದೆಯ ಮೇಲೆ ಕಾರು ಗೋಡೆಗೆ ಬಡಿಯಿತು. ರಬ್ಬರಿನ ಹೊಟ್ಟೆ ಬೆಲ್ಟನ್ನು ಅಲುಗಾಡದಂತೆ ಹಿಡಿದುಕೊಂಡಿತು. ದಪ್ಪ ಮೈಯವರಿಗೂ ಈ ಕಾರು ಸುರಕ್ಷಿತ ಎಂದು ಅವನು ವರದಿ ಬರೆದಿಟ್ಟ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೇಡಂ ತಟ್ಟೆ ಹಿಡಿದು ಅವನೆದುರು ಬಂದು ಕೂತರು.

“ಏನು ಗೊತ್ತಾಯ್ತಪ್ಪ ನನ್ನ ಹೊಟ್ಟೆಯಿಂದ?”

“ಕಾರು ಸೇಫ್ ಅಂತ ಬಂತು, ಮೇಡಂ.”

“ನನ್ನಂಥೋರಿಗೂ?”

“ನಿಮ್ಮಂಥೋರಿಗೂ.”

ಮೇಡಂ ಮುಖ ಅರಳಿತು. “ಅವತ್ತು ಮನೆಗೆ ಹೋಗಿ ಬಾತ್‌ರೂಮಲ್ಲಿ ಅತ್ತಿದ್ದೆ. ಹೋಗ್ಲಿ ಬಿಡು, ಒಳ್ಳೇದಾಯ್ತಲ್ಲ. ಮಗಳಿಗೆ ಯಾವ ಕಾರು ಕೊಡಿಸೋದು ಅಂತ ನಮ್ಮನೆಯವ್ರು ಹುಡುಕ್ತಾ ಇದ್ರು. ಅವಳದ್ದೂ ನನ್ನ ಥರಾನೇ ಮೈ. ಇದನ್ನೇ ಬುಕ್ ಮಾಡಿ ಅಂತೀನಿ.”

ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಊಟ ಅರ್ಧಕ್ಕೇ ಬಿಟ್ಟು ಎದ್ದುಹೋಗಿ, ಬೆಲ್ಟಿನ ಕೆಳಗಿನ ಇಟ್ಟಿಗೆಗಳನ್ನಷ್ಟೇ ಇನ್ನೂ ಸಣ್ಣದಾಗಿ ಒಡೆದ. ಮೇಡಂ ಹೊಟ್ಟೆ ಕೊಟ್ಟ ಅಂಕಿಯನ್ನೇ ಹಾಕಿ ಲೆಕ್ಕಕ್ಕೆ ಬಿಟ್ಟ. ಈ ಸಲ ಲೆಕ್ಕ ನಿಲ್ಲಲಿಲ್ಲ.

ವರದಿಯನ್ನು ಕಂಪನಿಯ ಮೇಲಿನವರಿಗೆ ಕಳಿಸುವ ದಿನ ಮುಖ್ಯಸ್ಥರು ಎಲ್ಲರನ್ನೂ ಸೇರಿಸಿದ್ದರು. ಎಂಜಿನಿಯರ್ ಮೇಡಂ ಅವರನ್ನೂ ಕರೆತಂದು ಮುಂದೆ ಕೂರಿಸಿದ.

“ಡ್ರಮ್ಮಿಗೆ ಒಂದು ಕುರ್ಚಿ ಸಾಕಾಗುತ್ತಾ?” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಪರದೆಯ ಮೇಲೆ ಕಾರು ನಿಧಾನವಾಗಿ ಗೋಡೆಗೆ ಬಡಿಯಿತು. ಬೆಲ್ಟು ಸೊಂಟದ ಮೂಳೆಯನ್ನು ಹತ್ತಿ ದಾಟಿ ಹೊಟ್ಟೆಯೊಳಗೆ ಇಳಿಯಿತು. ಇಳಿಯುತ್ತಲೇ ಹೋಗಿ ಬೆನ್ನುಮೂಳೆಯ ಹತ್ತಿರ ನಿಂತಿತು. ಯಾರೂ ನಗಲಿಲ್ಲ.

“ಇದು ನಾನಾ?” ಎಂದು ಕೇಳಿದರು ಮೇಡಂ.

“ಹೌದು ಮೇಡಂ. ಅವತ್ತು ನಿಮಗೆ ಸುಳ್ಳು ಹೇಳಿದೆ.”

“ಆರಿಸೋ ಅದನ್ನ,” ಎಂದರು ಮುಖ್ಯಸ್ಥರು.

“ಬೇಡ ಸರ್.” ಮೇಡಂ ಕುರ್ಚಿ ಬಿಟ್ಟು ಏಳಲಿಲ್ಲ. “ಇನ್ನೊಂದ್ಸಲ ಹಾಕಪ್ಪ. ಈ ಸಲ ಸೀಟಲ್ಲಿರೋದು ನನ್ನ ಮಗಳು ಅಂತ ನೋಡ್ತೀನಿ. ನೀವೂ ನಿಮ್ಮನೆಯವ್ರು ಯಾರಾದ್ರೂ ಅಂತ ನೋಡಿ, ಸರ್.”

ಎಂಜಿನಿಯರ್ ಮೊದಲಿನಿಂದ ಹಾಕಿದ. ಕಾರು ಗೋಡೆ ಮುಟ್ಟುವ ಮೊದಲೇ ಮುಖ್ಯಸ್ಥರು ಕಣ್ಣು ಮುಚ್ಚಿಕೊಂಡು, “ಸಾಕು, ಸೇಫ್ ಅನ್ನೋ ಆ ವರದಿ ಕಳಿಸ್ಬೇಡ,” ಎಂದರು.