ತಣ್ಣಗಿದ್ದ ಯಂತ್ರದ ಮೊದಲ ಓಟ

ವಿದ್ಯಾರ್ಥಿಗಳು ನಮ್ಮ ಪ್ರೊಫೆಸರಿಗೆ ಇಟ್ಟ ಅಡ್ಡಹೆಸರು ಗಡಿಯಾರ. ಮೊದಲ ಪಾಠದಲ್ಲೇ ಅವರು ಹೇಳುತ್ತಿದ್ದರು: "ನೋಡ್ರಪ್ಪಾ, ನಮ್ಮ ಕಂಪ್ಯೂಟರ್ ವಿದ್ಯೆಯಲ್ಲಿ ಸರಿಯಾದ ಉತ್ತರ ತಡವಾಗಿ ಬಂದ್ರೆ ಅದೂ ತಪ್ಪೇ." ಅವರ ಹೆಂಡತಿ ನನ್ನ ಹತ್ತಿರ ಹೇಳಿ ನಗುತ್ತಿದ್ದರು: "ಮನೆಗೆ ಬರೋಕೆ ಮಾತ್ರ ಇವರಿಗೆ ಗಡುವಿಲ್ಲ ನೋಡಕ್ಕಾ."

ಅವರು ಸಂಶೋಧನೆಗೆ ಸೇರಿದ ದಿನದಿಂದ ಇಪ್ಪತ್ತೆರಡು ವರ್ಷ ಅವರ ಲ್ಯಾಬ್ ನೋಡಿಕೊಂಡವಳು ನಾನು. ಬೀಗ ತೆಗೆಯುವುದು, ಯಂತ್ರಗಳನ್ನು ಚಾಲೂ ಮಾಡುವುದು, ಅವರು ಹೇಳಿದ ಅಳತೆಗಳನ್ನು ಬರೆದಿಡುವುದು ನನ್ನ ಕೆಲಸ.

ಅವರ ಹೆಸರೆಲ್ಲ ಒಂದೇ ಅಂಕಿಯ ಮೇಲೆ ನಿಂತಿತ್ತು. ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನೊಳಗೆ ಕೈ ಹೋದರೆ ತಕ್ಷಣ ಅದನ್ನು ನಿಲ್ಲಿಸುವ ಪ್ರೋಗ್ರಾಂ ಅವರದು. ಎಂಥ ಸಂದರ್ಭದಲ್ಲೂ ಅದಕ್ಕೆ ಒಂಬತ್ತು ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದು ಎಂದು ತೋರಿಸಿಯೇ ಡಾಕ್ಟರೇಟ್ ಪಡೆದರು, ಪ್ರೊಫೆಸರ್ ಆದರು. ಮುಂದಿನ ತಿಂಗಳು ವಿಭಾಗದ ಮುಖ್ಯಸ್ಥರಾಗುವವರಿದ್ದರು.

ಒಂದು ಸೋಮವಾರ ಕಾರ್ಖಾನೆಯೊಂದರ ಮೇಲ್ವಿಚಾರಕ ಬಂದ. ಅವನ ಕಾರ್ಖಾನೆಯಲ್ಲಿ, ಈ ಪ್ರೋಗ್ರಾಂ ಇದ್ದ ಪ್ರೆಸ್ಸಿಗೇ ಕೆಲಸದವಳೊಬ್ಬಳ ಮೂರು ಬೆರಳು ಹೋಗಿದ್ದವು.

"ಬೆಳಿಗ್ಗೆ ಮೊದಲನೇ ತಗಡು ಸಾರ್. ಆಗಷ್ಟೇ ಸ್ವಿಚ್ ಹಾಕಿದ್ವಿ."

"ನಿಮ್ಮ ಬ್ರೇಕ್ ಸವೆದಿರುತ್ತೆ. ನಮ್ಮದು ಒಂಬತ್ತು ಮೀರಲ್ಲ."

ಅವನು ಹೋದ. ಮೇಜು ಒರೆಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

"ಸರ್, ಒಂದು ಮಾತು. ನೀವು ಅಳತೆಗೆ ಬರೋ ಮುಂಚೆ ನಾನು ಯಂತ್ರ ಹಾಕಿ ಒಂದ್ಸಲ ಪ್ರೋಗ್ರಾಂ ಓಡಿಸಿ ನೋಡ್ತಿದ್ದೆ. ನಿಮ್ಮ ಗುರುಗಳ ಮುಂದೆ ಅದು ಕೈಕೊಡಬಾರದಲ್ಲ, ಅದಕ್ಕೆ."

"ಯಾವಾಗಿಂದ ಅಕ್ಕಾ?"

"ಮೊದಲಿಂದ್ಲೂ."

ಅವರು ಯಂತ್ರ ಆರಿಸಿದರು. ಮತ್ತೆ ಹಾಕಿ ಓಡಿಸಿದರು. ಪರದೆಯ ಮೇಲೆ ಹದಿನಾಲ್ಕು ಬಂತು. ಎರಡನೇ ಓಟಕ್ಕೆ ಎಂಟೂವರೆ. ಪುನಃ ಆರಿಸಿ ಹಾಕಿದರೆ ಮತ್ತದೇ ಹದಿನಾಲ್ಕು.

"ಮೊದಲ ಸಲ ಅದು ಎಲ್ಲಾನೂ ದೂರದ ಮೆಮರಿಯಿಂದ ಎತ್ಕೊಂಡು ಬರಬೇಕು. ಎರಡನೇ ಸಲ ಎಲ್ಲಾ ಕೈಗೆ ಸಿಗೋ ಹಾಗಿರುತ್ತೆ," ಎಂದರು ಮೆಲ್ಲಗೆ. "ಇದನ್ನ ಮೊದಲ ವರ್ಷದವರಿಗೆ ನಾನೇ ಹೇಳ್ಕೊಡ್ತೀನಿ."

"ತಪ್ಪು ನಂದು ಅಂತ ಬರ್ಕೊಡ್ತೀನಿ ಸರ್."

"ಪ್ರಬಂಧದ ಮೇಲೆ ನಿಮ್ಮ ಹೆಸರಿದ್ಯಾ? ಇಷ್ಟು ವರ್ಷದಲ್ಲಿ ಒಂದು ದಿನ ನಾನೇ ಬಂದು ಬೀಗ ತೆಗೆದಿದ್ರೆ ಸಾಕಿತ್ತು."

ಅಂದೇ ಕಾಗದ ಬರೆದರು: ಪ್ರೆಸ್ ನಿಲ್ಲಿಸಿ, ನನ್ನ ಅಂಕಿ ತಪ್ಪು. ಅವರ ಪ್ರೋಗ್ರಾಂ ಬಳಸುತ್ತಿದ್ದ ಹನ್ನೆರಡು ಕಾರ್ಖಾನೆಗಳಿಗೆ ಹನ್ನೆರಡು ಪ್ರತಿ. ನಾನು ಲಕೋಟೆಗಳ ಮೇಲೆ ವಿಳಾಸ ಬರೆದೆ. ಅಷ್ಟರಲ್ಲಿ ಪ್ರಾಂಶುಪಾಲರು ಕರೆಸಿದರು.

ಹೋಗಿ ಬಂದವರು ನಿಂತೇ ಹೇಳಿದರು: "ಕಾಲೇಜಿನ ಸಮಿತಿ ನೋಡಿ ಒಪ್ಪಲಿ, ಆಮೇಲೆ ಕಳಿಸಿ ಅಂದ್ರು. ಹುದ್ದೆ ಕೈಗೆ ಬರೋ ಹೊತ್ತಲ್ಲಿ ಯಾಕ್ರೀ ಮೈಮೇಲೆ ಎಳ್ಕೊಳ್ತೀರಾ ಅಂದ್ರು. ಮೂರೇ ವಾರ ಅಕ್ಕಾ." ಲಕೋಟೆಗಳನ್ನು ಡ್ರಾಯರಿಗೆ ಹಾಕಿದರು.

ಡ್ರಾಯರಿಗೆ ಬೀಗವಿರಲಿಲ್ಲ. ದಿನಾ ಅದರ ಮೇಲಿನ ಧೂಳು ಒರೆಸುತ್ತಿದ್ದವಳು ನಾನೇ. ಅಂಚೆಪೆಟ್ಟಿಗೆ ಗೇಟಿನಾಚೆಯೇ ಇತ್ತು. ದೊಡ್ಡವರ ವಿಚಾರ, ನಮಗ್ಯಾಕೆ ಎಂದುಕೊಂಡು ಸುಮ್ಮನಿದ್ದೆ.

ಹನ್ನೊಂದನೆಯ ದಿನ ಫೋನ್ ಬಂತು. ಬೇರೆ ಕಾರ್ಖಾನೆ, ಅದೇ ಬೆಳಗಿನ ಮೊದಲ ತಗಡು. ಕೆಲಸಕ್ಕೆ ಸೇರಿ ತಿಂಗಳೂ ಆಗದವನು. ಈ ಸಲ ಮಣಿಕಟ್ಟಿನವರೆಗೆ. ಫೋನ್ ಇಟ್ಟ ಮೇಲೂ ಅವರ ಕೈ ಅದರ ಮೇಲೆಯೇ ಇತ್ತು. ಆಮೇಲೆ ಡ್ರಾಯರ್ ಎಳೆದು ಹನ್ನೆರಡೂ ಲಕೋಟೆ ನನ್ನ ಕೈಗಿಟ್ಟರು. ಸಮಿತಿ ಇನ್ನೂ ಸೇರಿರಲಿಲ್ಲ.

"ಈಗಲೇ ಹಾಕಿ ಬನ್ನಿ. ಅಷ್ಟರಲ್ಲಿ ನಾನು ಎಲ್ಲರಿಗೂ ಫೋನ್ ಮಾಡ್ತೀನಿ."

ಲಕೋಟೆಗಳನ್ನು ಅಂಟಿಸುವ ಮುಂಚೆ ಒಂದು ಕಾಗದ ತೆಗೆದು ನೋಡಿದೆ. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮೇಲಿನ ತಾರೀಕು ಮಾತ್ರ ಹಳೆಯದು.

"ತಾರೀಕು ತಿದ್ಲಾ ಸರ್?"

ಅವರು ಮೊದಲ ನಂಬರು ಒತ್ತುತ್ತಿದ್ದರು. ತಲೆ ಎತ್ತಲಿಲ್ಲ.

"ಬೇಡ. ಎಷ್ಟು ದಿನ ಇಟ್ಕೊಂಡಿದ್ದೆ ಅಂತ ಓದಿದವರಿಗೆ ಗೊತ್ತಾಗಲಿ."