ಆ ತುದಿ ಹಿಡಿದವಳು

“ದಿವಾಳಿ ಎದ್ದವಳ ಕೈ ಬಿಳಿ ಬಟ್ಟೆಗ್ಯಾಕೆ? ಕಲೆ ಉಜ್ಜೋಕೆ ಹಾಕು ಈ ಮುಂಡೇನ,” ಎಂದ ಮಾಲೀಕ. ನನ್ನ ಮುಖ ನೋಡಿಯಲ್ಲ, ಮೇಸ್ತ್ರಿಯ ಮುಖ ನೋಡಿ.

ನಾನಿನ್ನೂ ದಿವಾಳಿ ಎದ್ದಿರಲಿಲ್ಲ. ವಕೀಲರ ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದನ್ನು ಯಾರೋ ಪುಣ್ಯಾತ್ಮರು ನೋಡಿದ್ದರು. ನಮ್ಮ ಲಾಂಡ್ರಿಯಲ್ಲಿ ಬಟ್ಟೆ ಒಣಗುವ ಮೊದಲೇ ಸುದ್ದಿ ಮಾಲೀಕನ ಕಿವಿ ಮುಟ್ಟಿರುತ್ತದೆ.

ಹೋಟೆಲು, ಆಸ್ಪತ್ರೆಗಳ ಬೆಡ್‌ಶೀಟ್ ಒಗೆಯುವ ಲಾಂಡ್ರಿ ಅದು. ಬಿಸಿ ರೋಲರಿನಿಂದ ಬಂದ ಬೆಡ್‌ಶೀಟನ್ನು ಇಬ್ಬರು ಹಿಡಿದು ಮಡಚಬೇಕು. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಗಿಡ್ಡಿ. ಎಳೆದು, ಕೊಡವಿ, ಎದುರುಬದುರು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಅವಳ ಎತ್ತರಕ್ಕೆ ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು. ನನ್ನ ಎತ್ತರಕ್ಕೆ ಚಾಚಿ ಚಾಚಿ ಅವಳ ತೋಳು ಹೋಯಿತು.

ನಮಗೆಲ್ಲ ಸಾಲ ಕೊಡುವವನೂ ಮಾಲೀಕನೇ. ಒಂದೇ ಬೆಡ್‌ಶೀಟ್ ಹಿಡಿಯುವವರು ಒಬ್ಬರಿಗೊಬ್ಬರು ಜಾಮೀನು ಹಾಕಬೇಕೆಂಬುದು ಅವನ ಕಟ್ಟಳೆ. ಗಂಡನ ಕಿಡ್ನಿಗೆಂದು ನಾನು ತೆಗೆದುಕೊಂಡಾಗ ಗಿಡ್ಡಿ ಹೆಬ್ಬೆಟ್ಟು ಒತ್ತಿದಳು. ಅವಳ ಮನೆ ಮಾಡು ಕುಸಿದಾಗ ನಾನು ಒತ್ತಿದೆ. ನನ್ನ ಗಂಡ ಹೋಗಿಬಿಟ್ಟ. ಸಾಲ ಮಾತ್ರ ಗುಂಡುಕಲ್ಲಿನ ಹಾಗೆ ಕೂತಿದೆ. ಸಂಬಳದಲ್ಲಿ ಬಡ್ಡಿ ಮುರಿದುಕೊಂಡೂ ಸಾಲದೆ, ಮಗಳ ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚು ಎಂದು ಮಾಲೀಕ ಹೇಳಿದ ಮೇಲೆಯೇ ನಾನು ವಕೀಲರ ಹತ್ತಿರ ಹೋದದ್ದು.

ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಕೋಣೆಯಲ್ಲಿ ಅವರು ಮೊಬೈಲ್ ನೋಡುತ್ತಲೇ ಉತ್ತರ ಕೊಟ್ಟರು. ದಿವಾಳಿ ಅರ್ಜಿ ಹಾಕಿದರೆ ಪಾತ್ರೆ ಹಾಸಿಗೆ ಹೊತ್ತೊಯ್ಯುತ್ತಾರಾ ಎಂದೆ. ಇಲ್ಲವಂತೆ. ಜೈಲಿಗೆ ಹಾಕುತ್ತಾರಾ? ಸುಳ್ಳು ಹೇಳದಿದ್ದರೆ ಇಲ್ಲವಂತೆ. ಹೆಸರು ನೋಟಿಸ್ ಬೋರ್ಡಿಗೆ ಹಚ್ಚುತ್ತಾರಾ? ಹಚ್ಚುತ್ತಾರಂತೆ. ಮುಂದೆ ಯಾರಾದರೂ ಸಾಲ ಕೊಡುತ್ತಾರಾ? ಕಷ್ಟವಂತೆ. ಸದ್ಯ, ಅದೊಂದು ಒಳ್ಳೆಯದಾಯಿತು ಅಂದುಕೊಂಡೆ. ಸಾಲ ಮಗಳ ತಲೆಗೆ ಬರುತ್ತದಾ ಎಂದು ಕೊನೆಗೆ ಕೇಳಿದೆ. ಬರುವುದಿಲ್ಲ ಅಂದರು. ಅಲ್ಲೇ ಅತ್ತುಬಿಟ್ಟೆ.

“ಎಲ್ಲರೂ ಇದೇ ಕೇಳ್ತಾರಮ್ಮ,” ಎಂದು ಅವರು ಆಕಳಿಸಿದರು. “ಜಾಮೀನು ಯಾರು ಹಾಕಿರೋದು?”

ಹೇಳಿದೆ.

“ಹಾಗಾದ್ರೆ ನೀವು ಪಾರು. ಅವರ ಕುತ್ತಿಗೆ ಹಿಡೀತಾರೆ.”

ನಾನು ಗಿಡ್ಡಿಗೆ ಈ ಮಾತು ಹೇಳಲಿಲ್ಲ. ಹೇಳಲು ಮುಖವಿರಲಿಲ್ಲ. ಮಾಲೀಕನೇ ಹೇಳಿದ, ಎಲ್ಲರೆದುರು, ನಾನು ಆಸ್ಪತ್ರೆಯ ಬೆಡ್‌ಶೀಟಿನ ರಕ್ತದ ಕಲೆ ಉಜ್ಜುತ್ತಿದ್ದಾಗ. ನಾನು ಕೈ ಎತ್ತಿದರೆ ನನ್ನ ಸಾಲವೂ ಅವಳ ಸಂಬಳದಲ್ಲೇ ಮುರಿಯುವುದಂತೆ; ನನಗೆ ಬುದ್ಧಿ ಹೇಳುವುದಿದ್ದರೆ ಅವಳು ಈಗಲೇ ಹೇಳಬೇಕಂತೆ.

ಗಿಡ್ಡಿ ನನ್ನ ತೊಟ್ಟಿಯ ಹತ್ತಿರ ಬಂದು ನಿಂತಳು. ಅರ್ಜಿ ಹಾಕಲ್ಲ ಕಣೇ, ಬಿಡು, ಮಗಳನ್ನೇ ಕಳಿಸ್ತೀನಿ ಎಂದೆ.

“ಥೂ ಲೌಡಿ. ನನ್ನ ಬಿಟ್ಟು ಒಬ್ಬಳೇ ಹೋಗಿದ್ಯಲ್ಲೇ ವಕೀಲರ ಹತ್ರ,” ಎಂದಳು. ಆಮೇಲೆ ದನಿ ತಗ್ಗಿಸಿ, “ನನ್ನ ಸಾಲಕ್ಕೆ ಜಾಮೀನು ಯಾರು?”

“ನಾನೇ.”

“ಇಬ್ರೂ ಒಟ್ಟಿಗೇ ಅರ್ಜಿ ಹಾಕೋಣ. ನಿಂದು ನನ್ನ ಮೇಲೆ ಬೀಳಲಿ, ನಂದು ನಿನ್ನ ಮೇಲೆ ಬೀಳಲಿ. ಇಬ್ರೂ ಮೊದಲೇ ಮಕಾಡೆ ಬಿದ್ದಿರ್ತೀವಲ್ಲ. ಆ ಬೋಳಿಮಗ ಯಾರ ಕುತ್ತಿಗೆ ಹಿಡೀತಾನೋ ನೋಡೇಬಿಡೋಣ.”

ಪಕ್ಕದ ಜೋಡಿ ಮಡಚುವುದನ್ನು ನಿಲ್ಲಿಸಿತು. ಅದರಾಚೆಯ ಜೋಡಿಯೂ ನಿಲ್ಲಿಸಿತು. ರೋಲರು ಮಾತ್ರ ಬೆಡ್‌ಶೀಟ್ ಉಗುಳುತ್ತಲೇ ಇತ್ತು. ಹಿಡಿಯುವವರಿಲ್ಲದೆ ಅವು ನೆಲದ ಮೇಲೆ ಗುಡ್ಡೆ ಬಿದ್ದವು.

ಆ ವಾರವೇ ನಾವೆಲ್ಲ ದಿವಾಳಿ ಅರ್ಜಿ ಹಿಡಿದು ಜೋಡಿ ಜೋಡಿಯಾಗಿ ಕೋರ್ಟಿನ ಕಿಟಕಿಯ ಮುಂದೆ ನಿಂತೆವು. ಜಾಮೀನುದಾರರು ಯಾರೆಂದು ಗುಮಾಸ್ತ ಕೇಳಿದಾಗ ಮುಂದಿದ್ದವಳು ಹಿಂದಿದ್ದವಳನ್ನು ತೋರಿಸಿದಳು. ಹಿಂದಿದ್ದವಳ ಸರದಿ ಬಂದಾಗ ಅವಳು ಮುಂದಿದ್ದವಳನ್ನೇ ತೋರಿಸಿದಳು. ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡ. ನಮಗೆ ನಗುವಷ್ಟೂ ತ್ರಾಣವಿರಲಿಲ್ಲ. ಇನ್ನು ಆ ಲಾಂಡ್ರಿಯಲ್ಲಿ ಕೆಲಸವಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

ನನ್ನ ಸರದಿಗೆ ಸರಿಯಾಗಿ ಮಾಲೀಕ ಕಾರಿನಿಂದ ಇಳಿದು ಬಂದ. ಹೋಟೆಲಿನವರು ಹಾಸಲು ಬೆಡ್‌ಶೀಟಿಲ್ಲದೆ ಬೆಳಗಿನಿಂದ ಅವನಿಗೆ ಉಗಿಯುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ನನ್ನನ್ನು ‘ಅಮ್ಮ’ ಎಂದ.

“ನಿನ್ನ ಸಾಲ ಪೂರ್ತಿ ಬಿಡ್ತೀನಮ್ಮ. ಮಗಳು ಓದ್ಕೊಳ್ಳಲಿ. ಇವರನ್ನೆಲ್ಲ ವಾಪಸ್ ಕರ್ಕೊಂಡು ಬಾ.”

ಬೇಕಿದ್ದದ್ದು ಅದೇ ತಾನೇ? ಬಿಡುಗಡೆ ಕೈಗೆ ಸಿಗುವಷ್ಟು ಹತ್ತಿರ ನಿಂತಿತ್ತು, ಸೆಂಟು ಹಾಕಿಕೊಂಡು.

“ಗಿಡ್ಡೀದು?” ಎಂದೆ.

ಅವನು ಗಡಿಯಾರ ನೋಡಿಕೊಂಡ.

ನನ್ನ ಅರ್ಜಿಯನ್ನು ಕಿಟಕಿಯೊಳಗೆ ಇಟ್ಟೆ. ಮುಂದಿನವರು ಬರಬೇಕೆಂದು ಗುಮಾಸ್ತ ಕೂಗಿದ. ಗಿಡ್ಡಿ ಕಾಲ್ಬೆರಳ ಮೇಲೆ ನಿಂತು ತೋಳು ಚಾಚಿದಳು. ಕಿಟಕಿ ಎಟುಕಲಿಲ್ಲ. ನಾನು ಬಗ್ಗಿ ಅವಳ ಕಾಗದದ ಆ ತುದಿ ಹಿಡಿದೆ. ಇಬ್ಬರೂ ಸೇರಿ ಅದನ್ನು ಒಳಗೆ ತಳ್ಳಿದೆವು.